ಒಳಗೆಳೆವ ಸೀಟಿ

ಮೂರನೇ ವಾರಕ್ಕೆ ಶುರುವಾಯಿತು.
ರಾತ್ರಿ ಎರಡೂವರೆಗೆ, ಮೊಲೆ ಬಿಟ್ಟು ಮಲಗಿದವಳ
ಗಂಟಲೊಳಗಿಂದ
ಎಣ್ಣೆ ಕಾಣದ ತಿರುಗಣಿಯಂಥ ಕೀರಲು.
ಕಾಂತರಾಜ ಎದ್ದು ದೀಪ ಹಾಕಿ
ಮಂಚದ ಕೆಳಗೆ ಬೆಕ್ಕಿನ ಮರಿ ಹುಡುಕಿದ.

ಎದೇಲಿ ಕಫ ಕಣವ್ವ, ಅಂದರು ಅತ್ತೆ,
ವೀಳ್ಯದೆಲೆಗೆ ಹರಳೆಣ್ಣೆ ಸವರಿ ಬೆಚ್ಚಗೆ ಮಾಡಿ ಇಡು.
ಇಟ್ಟೆ.
ಬಜೆ ತೇಯ್ದು ನಾಲಿಗೆಗೆ ಸವರಿದರು, ಸುಮ್ಮನಿದ್ದೆ.
ಎದುರುಮನೆ ಜಯಶೀಲಮ್ಮ ಹೊಸಿಲಲ್ಲೇ ನಿಂತು ಹೇಳಿಹೋದಳು:
ಏಳು ತಿಂಗಳು ತುಂಬೋವರೆಗೂ ಬಸ್ಸಲ್ಲಿ ನಿಂತ್ಕೊಂಡು
ಸೀಟಿ ಊದಿದ್ದೀಯ,
ಮಗೀಗೆ ಬಂದದೆ.

ನಕ್ಕೆವು.
ಆದರೆ ಆ ಮಾತು ಟಿಕೆಟ್ಟಿಲ್ಲದೆ ಹತ್ತಿ
ಕೊನೇ ಸೀಟಲ್ಲಿ ಕೂತದ್ದು
ಇಳಿಯಲೇ ಇಲ್ಲ.

ಸಂತೇಪೇಟೆಯ ಡಾಕ್ಟರು ಕೆಮ್ಮಿನ ಔಷಧಿ ಬರೆದರು.
ಕೆಮ್ಮಿರಲಿಲ್ಲ.
ಸಾಲಗಾಮೆ ರಸ್ತೆಯವರು
ಅಂಗೈಯಗಲದ ಮುಖಕ್ಕೆ ಹಬೆಯ ಮುಖವಾಡ ಹಿಡಿದರು;
ಬಿಳಿ ಹೊಗೆಯೊಳಗೆ ಎರಡು ಕಣ್ಣು
ನನ್ನನ್ನೇ ನೋಡುತ್ತಿದ್ದವು.
ಸದ್ದು ಮಾತ್ರ ಯಾರ ಮುಂದೂ ಮಾಡಲಿಲ್ಲ ಅವಳು.
ಚೆಕಿಂಗಿನವರು ಹತ್ತಿದರೆ
ಇಡೀ ಬಸ್ಸು ಸಂಭಾವಿತವಾಗುವ ಹಾಗೆ.

ಕೊನೆಗೆ ಮೊಬೈಲು ಹಿಡಿದು ಕೂತೆ.
ನಲವತ್ತೇಳು ಸೆಕೆಂಡು.
ಎಲ್ಲೋ ಆಲೂಗೆಡ್ಡೆ ಲಾರಿಯ ಹಾರನ್ನು,
ಕಾಂತರಾಜನ ಗೊರಕೆ,
ನಡುವೆ ಅವಳು.

ದೊಡ್ಡಾಸ್ಪತ್ರೆ. ಚೀಟಿ ನೂರಾ ಹದಿನಾಲ್ಕು.
ಬೆಂಚಿನ ಮೇಲೆ ಕಿವಿಗೆ ಹತ್ತಿಯಿಟ್ಟ ಮುದುಕ
ಮಗಳನ್ನು ಬಗ್ಗಿ ನೋಡಿ,
ಎಷ್ಟು ಸುಮ್ಕದೆ ಕೂಸು, ಅಂದ.
ಅವಳು ಕೀರಿಡುತ್ತಲೇ ಇದ್ದಳು.

ಡಾಕ್ಟರ್ ಫರ್ಹತ್ ಕಣ್ಣು ಮುಚ್ಚಿ ಕೇಳಿದರು, ಎರಡು ಸಲ.
ಆಮೇಲೆ ಒಂದೇ ಪ್ರಶ್ನೆ:
ಈ ಸದ್ದು ಉಸಿರು ಬಿಡುವಾಗಲೋ, ಎಳೆಯುವಾಗಲೋ?

ಯಾರೂ ಕೇಳಿರಲಿಲ್ಲ.
ನನಗೆ ಗೊತ್ತಿತ್ತು.
ಹನ್ನೊಂದು ವರ್ಷ, ಹಾಸನ ಅರಕಲಗೂಡು, ದಿನಕ್ಕೆ ಆರು ಟ್ರಿಪ್ಪು,
ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು.
ಸೀಟಿಯೆಂದರೆ ಹೊರಗೆ ಬಿಡುವ ಗಾಳಿ.
ಇವಳದು ತಿರುವುಮುರುವು.
ಎಳೆಯುವಾಗ ಮೇಡಂ, ಅಂದೆ,
ಒಳಗೆಳೆಯುವಾಗ ಮಾತ್ರ.
ಅವರು ಆಗ ನನ್ನ ಮುಖ ನೋಡಿದರು.

ಮೂಗಿನಿಂದ ಇಳಿಯಿತು ದಾರದಂಥ ಕೊಳವೆ,
ತುದಿಯಲ್ಲೊಂದು ಬೆಳಕು.
ಕಾಲು ನರ್ಸಿನ ಕೈಯಲ್ಲಿ, ತಲೆ ನನ್ನ ಕೈಯಲ್ಲಿ.
ಪರದೆಯ ಮೇಲೆ ಒದ್ದೆ ಕೆಂಪು ಗವಿ,
ಅದರ ಬಾಯಲ್ಲಿ ಇನ್ನೂ ಬಿಚ್ಚದ ಬಾಳೆಸುಳಿಯಂಥದೇನೋ
ಉಸಿರೆಳೆದಾಗಲೆಲ್ಲ ಒಳಕ್ಕೆ ಮಡಚಿ, ನಡುಗಿ,
ಮತ್ತೆ ತೆರೆದು.
ಕಿಟಕಿಗೆ ಕಟ್ಟಿದ ಟಾರ್ಪಾಲಿನ ಅಂಚು
ಓಡುವ ಬಸ್ಸಲ್ಲಿ ಒದರುತ್ತದಲ್ಲ, ಹಾಗಾ? ಅಂದೆ.
ಹಾಗೇ, ಅಂದರು. ಎಳೆಸು ಅಷ್ಟೆ, ಬಲಿಯಬೇಕು.
ಒಂದೂವರೆ ವರ್ಷ ಆಗಬಹುದು.
ಹಾಲು ಕುಡಿಸಿದ ಮೇಲೆ ನೆಟ್ಟಗೆ ಎತ್ತಿಕೊಳ್ಳಿ,
ತಿಂಗಳ ತೂಕ ಬರೆದಿಡಿ,
ತುಟಿ ನೀಲಿಯಾದರೆ ಮಾತ್ರ ಓಡಿಬನ್ನಿ.

ನಿಂತಿದ್ದಕ್ಕಾ ಮೇಡಂ? ಸೀಟಿ ಊದಿದ್ದಕ್ಕಾ?
ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.
ಎರಡನೇ ಸಲ ಕೇಳಲಿಲ್ಲ ನಾನು.
ಕೊನೇ ಸೀಟಲ್ಲಿ ಯಾರೋ ಎದ್ದು
ಚೀಲ ತಡಕಿದ ಹಾಗಾಯಿತು.

ಹೊರಗೆ ಕಾರಿಡಾರಿನಲ್ಲಿ ಕಾಯಿಲೆಯ ಹೆಸರು ಓದಿದೆ,
ಅಕ್ಷರಕ್ಕೊಂದು ಸ್ಟಾಪು ಕೊಡುತ್ತ:
ಲ್ಯಾ. ರಿಂಗೋ. ಮ. ಲೇ. ಸಿಯ.
ಯಾವ ರೂಟಿನ ಬೋರ್ಡಲ್ಲೂ ಇಲ್ಲದ ಊರು.

ಎಳಸು ಅಂದ್ರೆ ಗೊತ್ತು ಬಿಡು, ಅಂದರು ಅತ್ತೆ.
ಬಜೆ ತೇಯುವುದನ್ನು ಬಿಡಲಿಲ್ಲ.

ಈಗ ಹೆಸರಿದೆ, ಆದರೂ ನಿದ್ದೆಯಿಲ್ಲ.
ಮೊದಲು ಸದ್ದಾದರೆ ಏಳುತ್ತಿದ್ದೆ,
ಈಗ ಸದ್ದು ನಿಂತರೆ.

ಒಂದು ಸೀಟಿ.
ಎದೆ ನಿಲ್ಲುತ್ತದೆ.
ತಡವಾಗಿ, ಇನ್ನೊಂದು.

ರೈಟ್, ಹೋಗ್ಲಿ,
ಅನ್ನುತ್ತಾನೆ ನಿದ್ದೆಯಲ್ಲೇ ಕಾಂತರಾಜ
ಗೋಡೆಯ ಕಡೆ ಹೊರಳುತ್ತ.