ಸುತ್ತೋಲೆ

ಸುತ್ತೋಲೆ ಅಂತಾರ ಇದಕ್ಕ.
ಓಲೆ ಅದು, ಖರೆ.
ಸುತ್ತಾಂವ ನಾನು.

ಧಾರವಾಡದ ಈ ಗುಡ್ಡದ ಮ್ಯಾಲೆ
ಇಪ್ಪತ್ತೆಂಟು ವಿಭಾಗ, ನಾಕು ಹಾಸ್ಟೆಲು, ಒಂದು ಸೈಕಲ್ಲು.
ಕುಲಸಚಿವರ ಕಚೇರಿಯಿಂದ ಇಳಿಜಾರು ಹಿಡದು
ಬ್ರೇಕ್ ಒತ್ತಿಕೋತ ಹೊಂಟ್ರ
ಕ್ಯಾರಿಯರಿಗೆ ಕಟ್ಟಿದ ಟಪಾಲ ಬುಕ್ಕು
ಹಿಂದಿಂದ ಗುದ್ದತೈತಿ,
ಲಗೂನ ಹೋಗೊ ಅಂದಂಗ.

ಸೋಮವಾರದ್ದು ಎರಡು ಹಾಳಿ.
"ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ"
ಅಲ್ಲಿಂದ ಸುರು ಆದ ವಾಕ್ಯ
ಎರಡನೇ ಹಾಳಿಗೆ ದಾಟಿ
"ಕೋರಲಾಗಿದೆ" ಅನ್ನೂತನಕ ಉಸರ ಬಿಡೂದಿಲ್ಲ.
ನಡುವ ಎಲ್ಲೋ, ಹುಣಸಿಹಣ್ಣಿನೊಳಗ ಉಳದ ಬೀಜದಂಗ,
ಶಾಸನಶಾಸ್ತ್ರ ವಿಭಾಗವನ್ನು
ಇತಿಹಾಸದಲ್ಲಿ ವಿಲೀನಗೊಳಿಸಲಾಗಿದೆ.

ಚಾದಂಗಡಿ ನೀಲವ್ವಗ ಇದು ಶುಕ್ರವಾರನ ಗೊತ್ತಿತ್ತು.
ಆಕಿ ಅದಕ್ಕ ಇನ್ನೆರಡು ಸೇರಿಸಿದ್ಲು:
ಗ್ರಂಥಾಲಯ ಸಂಜೀಕ ಬಂದ್, ಮೆಸ್ಸಿನ ಬಿಲ್ಲು ಡಬಲ್.
ಕಾಲ್ನಡಿಗಿಯಾಗ ಬಂದ ಸುಳ್ಳು
ನನ್ನ ಸೈಕಲ್ಲಿಗಿಂತ ಮೂರು ದಿನ ಮೊದಲ ಮುಟ್ಟಿತ್ತು.

ಭೌತಶಾಸ್ತ್ರದವರು ಫೋನು ಕಿವಿಗಿಟಗೊಂಡ
"ನೋಡಿದೆ" ಅಂತ ಗೀಚಿದ್ರು. ನೋಡ್ಲಿಲ್ಲ.
ಭಾಷಾವಿಜ್ಞಾನದವರು ನಿಂತು ಪೂರ್ತಿ ಓದಿ
ಒಂದು ಅಲ್ಪವಿರಾಮ ಕಡಿಮಿ ಬಿದ್ದೈತಿ ಅಂದ್ರು.
ಗಣಿತದವರದು ಸಹಿ ಅಲ್ಲ, ಬರೇ ಗೆರಿ.

ಮುಳಗುಂದ ಬಾಯಾರು ಅಷ್ಟ ಕುರ್ಚಿ ತೋರಿಸಿದ್ರು.
ನಾ ಕೂಡಲಿಲ್ಲ.
ಡಂಬಳದ ಕಡೀಂದ ತಂದ ಶಾಸನದ ಅಚ್ಚು
ಕರೀ ಮಸಿ ಬಡಕೊಂಡು ಗ್ವಾಡಿಗೆ ಒಣಗಲಿಕ್ಕೆ ಹಾಕಿತ್ತು.
"ನೋಡು ಹಜರೇಸಾಬ, ಇದೂ ಸುತ್ತೋಲೆನ,
ಎಂಟನೂರ ವರ್ಷದ್ದು.
ಗಾಣದ ಎಣ್ಣಿ, ಕೆರಿ ಹೂಳು, ತೋಟದ ತೆರಿಗಿ,
ಏನ ಬದಲಾದ್ರೂ ಕಲ್ಲಿಗೆ ಹೊಡಸ್ತಿದ್ರು,
ಊರ ನಡುವ ನಿಲ್ಲಸ್ತಿದ್ರು,
ಅಲ್ಲಿ ಕೂಡಿದ್ದವರ ಹೆಸರು ಬರಸ್ತಿದ್ರು,
ಕಡೀಕ ಶಾಪ: ಇದನ್ನ ಅಳಿದಾಂವ
ಕವಿಲೆಯ ಕೊಂದ ಪಾಪಕ್ಕ ಹೋಗ್ತಾನ."
ನನ್ನ ಹಾಳಿ ತಿರುವಿ ಹಾಕಿದ್ರು.
"ಇದರಾಗ ಶಾಪ ಎಲ್ಲೈತಿ?"
ಸಹಿ ಐತ್ರಿ ಬಾಯಾರ, ಅಂದೆ.
ನಕ್ಕರು. ನಾ ಚ್ಯಾಷ್ಟಿಗೆ ಅಂದಿದ್ದಿಲ್ಲ.
"ಕೂಡಿದ್ದವರ ಹೆಸರಾದ್ರೂ?"

ಅವತ್ತ ನನ್ನ ಬುಕ್ಕಿನಾಗ
ಒಂದು ಮನಿ ಖಾಲಿ ಉಳೀತು,
ಬಾಯಾಗ ಹಲ್ಲು ಬಿದ್ದಂಗ. ನಾಲಿಗಿ ಅಲ್ಲೇ ಹೋಗೂದು.

ಕುಲಪತಿಗಳು ಹೊಸಬರು, ಬೀದರಿನ ಕಡೆಯವರು.
ಆ ಖಾಲಿ ಮನಿ ಮ್ಯಾಲೆ ಬಟ್ಟಿಟ್ಟು
ಬಾಳ ಹೊತ್ತು ತಗೀಲಿಲ್ಲ.
"ಏನಂದರು?"
ಶಾಪದ ಮಾತು ನುಂಗಿಕೊಂಡೆ.
ಕೂಡಿದ್ದವರ ಹೆಸರು ಕೇಳಿದ್ರು ಸರ, ಅಂದೆ.

ಬುಧವಾರ ಸಂಜಿ ಈರಪ್ಪ ಕಾರು ತಂದು ನಿಲ್ಲಿಸಿದ್ದ.
ಅವರು ನಡಕೋತ ಹೊಂಟ್ರು,
ಕೈಯಾಗ ಕಾಗದ ಇಲ್ಲ,
ಹಿಂದ ಸೈಕಲ್ ನೂಕ್ಕೋತ ನಾನು.
ಕಟ್ಟಿ ಮ್ಯಾಲಿನ ಹುಡುಗರು ಎದ್ದು ನಿಂತು
ಏನ ಮಾಡೂದು ತಿಳೀದ ಮತ್ತ ಕುಂತ್ರು.
ಬಾಯಾರ ಕೋಲಿ ಬಾಗಲ ಮುಚ್ಚಿತು.
ಒಂದು ತಾಸಿನ ಮ್ಯಾಲೆ ಹತ್ತು ನಿಮಿಷ.
ಒಮ್ಮೆ ದನಿ ಏರಿತು, ಯಾರದಂತ ಗೊತ್ತಾಗಲಿಲ್ಲ.
ಆಮ್ಯಾಲೆ ಏನೂ ಕೇಳಸಲಿಲ್ಲ,
ಅದ ಬಾಳ ಹೊತ್ತಿನದು.

ವಿಲೀನ ನಿಲ್ಲಲಿಲ್ಲ.
ಮರುದಿನ ಬೋರ್ಡಿನ ಸ್ಕ್ರೂ ಬಿಚ್ಚಿದಾಂವ ನಾನ.
ಅದರ ಹಿಂದ ಗ್ವಾಡಿ ಅಲ್ಲಷ್ಟ
ನಿನ್ನೆ ಸುಣ್ಣಾ ಹಚ್ಚಿದಂಗ ಕಂಡಿತು.

ಖಾಲಿ ಮನಿಯಾಗ "ನೋಡಿದೆ" ಅಲ್ಲ,
"ಕೇಳಿದೆ" ಅಂತ ಬರದಿದ್ರು.
ಅವರು ಹೇಳಿದ್ದನ್ನ ಇವರು ಕೇಳಿದ್ದೊ
ಇವರ ಅವರನ್ನ ಏನರ ಕೇಳಿದ್ದೊ.
ಕೆಳಗ ಸಣ್ಣ ಅಕ್ಷರದಾಗ, ಕೂಡಿದ್ದವರು:
ಅವರದೊಂದು, ತಮ್ಮದೊಂದು,
ಮೂರನೇದು
ಹಜರೇಸಾಬ, ಬಾಗಿಲ ಹೊರಗೆ.

"ಏನಾತೊ ಒಳಗ?" ನೀಲವ್ವ ಚಾ ಸೋಸ್ಕೋತ ಕೇಳಿದ್ಲು.
ಗೊತ್ತಿಲ್ಲ ಬೇ, ಅಂದೆ.
ಆಕಿ ನಂಬಲಿಲ್ಲ.
ರಾತ್ರಿಯೊಳಗ ಹಾಸ್ಟೆಲಿನಾಗ
ಎರಡು ಸುದ್ದಿ ಹುಟ್ಟಿದ್ದುವು.