ನನಗೂ ಈಗ ಹೆಸರಿಲ್ಲ

ಅಜ್ಜಿ ತೀರಿಕೊಂಡ ದಿನವೇ ನನ್ನ ಹೆಸರೂ ತೀರಿತು.
ಇಬ್ಬರದೂ ಒಂದೇ ಹೆಸರು. ಸತ್ತವರನ್ನು ಕೂಗಬಾರದು,
ಕೂಗಿದರೆ ಹೊರಟವಳು ತಿರುಗಿ ನೋಡುತ್ತಾಳೆ.
ಹಾಗಾಗಿ ಅಂಗಡಿಯಲ್ಲಿ, ಕ್ಲಿನಿಕ್ಕಿನಲ್ಲಿ, ಫುಟ್‌ಬಾಲ್ ಅಂಗಳದ ಬೇಲಿಯ ಬಳಿ
ನಾನೀಗ ಕುಮಂಜಯಿ—
ಹೆಸರು ಕಳೆದುಕೊಂಡವರಿಗೆಲ್ಲ ಸೇರಿ ಇರುವ ಒಂದು ಹೆಸರು.
ನಮ್ಮ ಬೀದಿಯಲ್ಲೇ ಮೂವರಿದ್ದೇವೆ.
ಯಾರೋ ಕರೆದರೆ ಮೂವರೂ ತಿರುಗುತ್ತೇವೆ.

ಮನೆ ಖಾಲಿ ಮಾಡಿ, ಸೊಪ್ಪಿನ ಕೊಂಬೆಯಲ್ಲಿ ಅಂಗಳ ಗುಡಿಸಿ
ಅವಳ ಹೆಜ್ಜೆ ಅಳಿಸಿದೆವು.
ನಾಯಿಗಳಿಗೆ ತಿಳಿಹೇಳುವುದು ಹೇಗೆ?
ಅವಳು ಕೂರುತ್ತಿದ್ದ ಜಾಗದಲ್ಲೇ ಗುಂಡಗೆ ಸುತ್ತಿ ಮಲಗಿದವು.

ಕ್ಯಾನ್ವಾಸನ್ನು ನೆಲಕ್ಕೆ ಹಾಸಿ ಅದರ ಮೇಲೇ ಕೂರುತ್ತಿದ್ದಳು.
ಸ್ಟ್ಯಾಂಡಿಗೆ ನಿಲ್ಲಿಸೋಣವೇ ಎಂದರೆ ನಗು:
ನೆಲವನ್ನು ಯಾರಾದರೂ ಎದ್ದುನಿಲ್ಲಿಸುತ್ತಾರೇನೆ?
ಮೊದಲು ಒರತೆ—ಒಂದು ಸುತ್ತು, ಅದರ ಹೊರಗೊಂದು ಸುತ್ತು.
ಆಮೇಲೆ ಮರಳದಿಬ್ಬ, ಒಂದರ ಬೆನ್ನಿಗೆ ಇನ್ನೊಂದು.
ಆಮೇಲೆ ಕಡ್ಡಿಯ ತುದಿಯಿಂದ ಚುಕ್ಕಿ, ಚುಕ್ಕಿ,
ಚಹಾ ತಣ್ಣಗಾಗುವವರೆಗೆ ಚುಕ್ಕಿ.
ಒಮ್ಮೆ ಹಸಿ ಬಣ್ಣದ ಮೇಲೆ ನಾಯಿಯೊಂದು ಹಾದುಹೋಯಿತು.
ಆರ್ಟ್ ಸೆಂಟರಿನ ಇಮೊಜೆನ್ ಬಟ್ಟೆ ಹಿಡಿದು ಓಡಿಬಂದಳು.
ಇರಲಿ ಬಿಡು, ಅವನಿಗೂ ಬಾಯಾರಿದೆ, ಎಂದಳು ಅಜ್ಜಿ.
ಆ ಪಾದ ಈಗ ಮೆಲ್ಬರ್ನಿನ ಬ್ಯಾಂಕೊಂದರ ಗೋಡೆಯಲ್ಲಿದೆ.
ಕೆಟಲಾಗಿನಲ್ಲಿ ಅದಕ್ಕೂ ಒಂದು ಅರ್ಥ ಬರೆದಿದ್ದಾರೆ.

ಅವಳು ಹುಡುಗಿಯಾಗಿ ನಡೆದ ದಾರಿ ಅದು.
ಅಮ್ಮನ ತಲೆಯ ಮೇಲೆ ಮರಿಗೆ, ಮರಿಗೆಯಲ್ಲಿ ನೀರು,
ತುಳುಕದಂತೆ ನೀರ ಮೇಲೆ ಎಳೆ ಸೊಪ್ಪು.
ಒಂದು ಬೆಳಿಗ್ಗೆ ಮರಳಲ್ಲಿ ಕಂಡ ಗುರುತು—
ಎರಡು ಹಾವು ಜಗಳವಿಲ್ಲದೆ ಜೊತೆಯಾಗಿ ಹೋದಂತೆ.
ಎರಡು ದಿನ ಹಿಂಬಾಲಿಸಿದರಂತೆ.
ಗುರುತಿನ ಕೊನೆಗೆ ಲಾರಿ. ಲಾರಿಯ ಕೊನೆಗೆ
ಹಿಟ್ಟು, ಸಕ್ಕರೆ, ಬೂದು ಕಂಬಳಿ, ಕೆಮ್ಮು.
ಆ ಚಳಿ ಮುಗಿಯುವಷ್ಟರಲ್ಲಿ ಅವಳ ತಮ್ಮ ಮುಗಿದಿದ್ದ.
ಸರ್ಕಾರ ಆಕಾಶದಲ್ಲಿ ರಾಕೆಟ್ ಹಾರಿಸುವುದಿತ್ತು,
ಕೆಳಗೆ ಯಾರೂ ಇರಬಾರದಿತ್ತು.

ಸಿಡ್ನಿಯಿಂದ ಬಂದವನು ಕೇಳಿದ: ಇದೇನು?
ನೀರು. ಇದು? ನೀರು.
ಮತ್ತೆ ಈ ಚುಕ್ಕಿಗಳು?
ಅಜ್ಜಿ ನನ್ನ ಮುಖ ನೋಡಿದಳು. ಮರಳು, ಎಂದು ಅನುವಾದಿಸಿದೆ.
ರಾತ್ರಿ ಬೆಂಕಿಯ ಹತ್ತಿರ ಹೇಳಿದಳು:
ಚುಕ್ಕಿ ಇರುವುದು ಮುಚ್ಚುವುದಕ್ಕೆ, ಕೂಸೇ.
ಕೊಂಡವನು ಕೊಂಡದ್ದು ಮುಚ್ಚಳ.

ಕೊನೆಯ ವರ್ಷಗಳು ಆಲಿಸ್ ಸ್ಪ್ರಿಂಗ್ಸಿನಲ್ಲಿ, ಊರಿಗೆ ಐನೂರು ಕಿಲೋಮೀಟರು.
ವಾರಕ್ಕೆ ಮೂರು ದಿನ ಡಯಾಲಿಸಿಸ್.
ರಕ್ತ ಕೊಳವೆಯಲ್ಲಿ ಹೊರಟು ಸುತ್ತಿ ಮರಳುವುದನ್ನು
ನೋಡುತ್ತ ನೋಡುತ್ತ, ಬಿಡುವಿದ್ದ ಕೈಯಲ್ಲಿ
ಊಟದ ಟ್ರೇಯ ಮೇಲೆ ಅಂಗೈಯಗಲದ ಕ್ಯಾನ್ವಾಸು—
ಅದೇ ಒರತೆ, ಅದೇ ಸುತ್ತು, ನಡುಗುವ ಗೆರೆ.
ನರ್ಸಿಗೆ ಒಂದು ಕೊಟ್ಟಳು. ಟ್ಯಾಕ್ಸಿಯವನಿಗೆ ಒಂದು.

ಪ್ರತಿ ಕ್ಯಾನ್ವಾಸಿನ ಬೆನ್ನಿಗೂ ಇಮೊಜೆನ್‌ಳ ಅಕ್ಷರದಲ್ಲಿ
ನಮ್ಮಿಬ್ಬರ ಹೆಸರಿದೆ.
ಯಾವ್ಯಾವ ಊರಿನಲ್ಲೋ ಅದು
ಗೋಡೆಗೆ ಮುಖ ಮಾಡಿ ನಿಂತಿದೆ.

ಹೋದ ಜುಲೈಯಲ್ಲಿ ಮಾವ ಟೊಯೋಟಾ ತಂದ. ಹೋದೆವು.
ಹಗಲೆಲ್ಲ ಮುಳ್ಳುಹುಲ್ಲು, ಎರಡು ಸಲ ಪಂಕ್ಚರು.
ಇಲ್ಲೇ, ಎಂದ ಮಾವ. ಬರೀ ಮರಳು.
ನೀರಿನ ಹತ್ತಿರ ಹೋಗುವಾಗ ಹೆಸರು ಹೇಳಿಕೊಂಡು ಹೋಗಬೇಕು,
ಇಲ್ಲದಿದ್ದರೆ ಅದಕ್ಕೆ ಗುರುತು ಹತ್ತುವುದಿಲ್ಲ—
ಅಜ್ಜಿ ಕಲಿಸಿದ್ದು.
ಬಾಯಿ ತೆರೆದೆ. ಮುಚ್ಚಿದೆ.
ಮಾವ ಬೇರೆ ಕಡೆ ನೋಡಿದ.
ಹಿಟ್ಟಿನ ಡಬ್ಬದ ಮುಚ್ಚಳದಿಂದ ತೋಡತೊಡಗಿದೆ,
ಮೊಣಕೈವರೆಗೆ, ಆಮೇಲೆ ಭುಜದವರೆಗೆ.
ನಾನು, ಎಂದೆ ಗುಂಡಿಯೊಳಗೆ. ನಾನೇ.
ಬೆರಳ ತುದಿಯಲ್ಲಿ ಮರಳು ತಣ್ಣಗಾಯಿತು.