ವಾಸನಿ ಇಲ್ಲದ ಬೋರ್ಡು

ಮೂವತ್ತು ವರ್ಷ ನಾ ಈ ವಿಜಾಪುರದ ಹಣಿ ಮ್ಯಾಲ ಬರದಾಂವ.
ಜೋರಾಪುರ ಪೇಟಿಯಿಂದ ಸ್ಟೇಷನ್ ರೋಡಿನ ತನಕ
ದವಾಖಾನಿ, ದಾಲ್ ಮಿಲ್ಲು, ಜವಳಿ ಅಂಗಡಿ,
'ಇಲ್ಲಿ ಉಗುಳಬಾರದು' —
ಅದರ ಮ್ಯಾಲೇ ಉಗುಳ್ಯಾರ, ಅದು ಬ್ಯಾರೆ ಮಾತು.

ಫ್ಲೆಕ್ಸ್ ಬಂತು. ಕುಂಚ ಡಬ್ಬ್ಯಾಗ ಒಣಗಿ ಕಸಬರಿಗಿ ಆದವು.
ಫ್ಲೆಕ್ಸ್ ಅಂಗಡಿ ಮಲಕಾರಿ, ನನ್ನ ಅನ್ನ ಕಸಗೊಂಡ ಹುಡುಗ,
ಒಂದಿನ ತಾನೇ ಕರದು ಚಾ ಕುಡಿಸಿ ಅಂದ:
"ಮಕ್ತುಮ ಕಾಕಾ, ಈಗ ಮಂದಿ ವೆಬ್‌ಸೈಟ್ ಕೇಳಾಕತ್ತಾರ.
ನನಗ ಮಷಿನ್ ಗೊತ್ತು, ಅಕ್ಷರ ಗೊತ್ತಿಲ್ಲ.
ನಿಮಗ ಅಕ್ಷರ ಗೊತ್ತು. ಕುಂಡ್ರಿ."

ಕುಂತೆ. ನಲವತ್ತೊಂಬತ್ತರ ಕಣ್ಣು. ಹಳೇ ಲ್ಯಾಪ್‌ಟಾಪು,
ಹಲ್ಲು ಬಿದ್ದಂಗ ಅದರ ಒಂದು ಕೀಲಿ ಇಲ್ಲ.
"ಕೊಕ್ಕು ತಗೀರಿ," ಅಂತಾನ. "ಒಳಗ ಹೆಸರು. ಕೊಕ್ಕು ಮುಚ್ಚರಿ.
ಕಡೀಕ ಮತ್ತ ಅದೇ ಹೆಸರು, ಮುಂದೊಂದು ವಾರಿ ಗೀಟು."

ಬರದೆ. ಉಳಿಸಿದೆ. ತಗದೆ.
ಪುಟ ಬರಲಿಲ್ಲ. ನಾ ಬರದ ಕೊಕ್ಕುಗಳೇ ಸಾಲಾಗಿ ಕುಂತಿದ್ದವು
ಕರೆಂಟ್ ತಂತಿ ಮ್ಯಾಲಿನ ಗುಬ್ಬಿ ಹಂಗ.
ಅರ್ಧ ತಾಸು ಹುಡುಕಿ ಮಲಕಾರಿ ನಕ್ಕ:
ಫೈಲಿನ ಹೆಸರಿಗೆ ನೋಟ್‌ಪ್ಯಾಡು ತಂದೊಂದು ಬಾಲ ಹಚ್ಚಿತ್ತು,
ಕೇಳಲಿಲ್ಲ, ಹೇಳಲಿಲ್ಲ — ಟಿಎಕ್ಸ್‌ಟಿ.
ನನ್ನ ಉಸ್ತಾದರೂ ಹಿಂಗೇ ಇದ್ದರು.
ನಾ ಬರದ ಬೋರ್ಡಿನ ಮೂಲ್ಯಾಗ ತಮ್ಮ ಸಹಿ ಹಾಕತಿದ್ದರು.

ಮರುದಿನ ದಪ್ಪ ಮಾಡೂದು ಕಲತೆ.
'ಬಾಗವಾನ ಒಣದ್ರಾಕ್ಷಿ' ಅನ್ನೂದಷ್ಟೇ ದಪ್ಪ ಆಗಬೇಕಿತ್ತು.
ವಿಳಾಸ, ಫೋನು, ಶುಕ್ರವಾರ ಬಂದ್ — ಎಲ್ಲಾ ಊದಿಕೊಂಡವು.
ಮುಚ್ಚೂ ಕೊಕ್ಕು ಮರತಿದ್ದೆ.
ಕುಂಚದಾಗ ಹಂಗಲ್ಲ ನೋಡ್ರಿ,
ಬಣ್ಣ ತೀರಿದಲ್ಲಿ ಗೆರಿ ನಿಲ್ಲತೈತಿ.
ಇದಕ್ಕ ನಾವು ಸಾಕು ಅನ್ನೂತನಕ ಸಾಕಾಗೂದಿಲ್ಲ.

ಆದರ ಮೂರನೇ ದಿನದ್ದು ಹೇಳಬೇಕು.
ಮ್ಯಾಲಿನಿಂದ ಕೆಳಗಿನ ತನಕ ಕನ್ನಡದಾಗೇ ಹೊಡದೆ,
ಬ್ರೌಸರ್ ತಗದರ ಅಲ್ಲಿ ಕನ್ನಡ ಇಲ್ಲ.
ತಲಿ ಮ್ಯಾಲ ಗಾಯಾದ ಇಂಗ್ಲಿಷ್ ಎ, ಅದರ ಹೆಗಲಿಗೆ ಪುಟ್ಟ ಎರಡು,
ಮತ್ತ ಗಾಯಾದ ಎ, ಮತ್ತ ಎರಡು, ಪುಟದ ತುಂಬಾ.
ಎದಿ ಧಸಕ್ಕಂತು.
ಹತ್ತೊಂಬತ್ತನೇ ವಯಸ್ಸಿನಾಗ ಒಮ್ಮೆ
ಡಾಕ್ಟರ್ ಬೋರ್ಡಿನಾಗ ಒತ್ತು ಬಿಟ್ಟು 'ಕಿವಿ ತಜರು' ಅಂತ ಬರದಿದ್ದೆ.
ಏಣಿ ಕೆಳಗ ನಿಂತ ಮಂದಿ ನಕ್ಕಿದ್ದು ಇನ್ನೂ ನನ್ನ ಕಿವ್ಯಾಗ ಐತಿ.
ಸೀಮಿಎಣ್ಣಿ ಅರಿವಿ ಹಿಡದು ಸಂಜೀತನ ತಿಕ್ಕಿದ್ದೆ.
ಇಲ್ಲಿ ಏನ ತಿಕ್ಕಲಿ? ಗಾಜು?

ಮಲಕಾರಿಗೂ ಗೊತ್ತಿಲ್ಲ. ಯಾರಿಗೋ ಫೋನ್ ಹಚ್ಚಿದ.
ಪುಟದ ತಲೀ ಹತ್ರ ಒಂದು ಸಾಲು ಬೇಕಂತ,
ಇವು ಯಾವ ಓಣಿ ಅಕ್ಷರ ಅಂತ ಮೊದಲೇ ಹೇಳೂ ಸಾಲು.
ಯುಟಿಎಫ್ ಎಂಟು.
ಗ್ವಾಡಿಗೆ ಸುಣ್ಣದ ದಾರ ಬಡಿಯೂ ಮುಂದ ಉಸಿರು ಹಿಡಿತೀವಲ್ಲ,
ಹಂಗ ಹಿಡದು ಒಂದೊಂದೇ ಒತ್ತಿದೆ.
ಉಳಿಸಿದೆ. ಮತ್ತ ತಗದೆ.

ದ್ರಾ.
ಕ್ಷಿ.
ಕಕಾರದ ಕೆಳಗ ಷಕಾರ ತನ್ನ ಜಾಗಾ ತಾನೇ ಹುಡಿಕ್ಕೊಂಡು ಕುಂತಿತ್ತು.
ನಾ ಅಳತಿ ಹಾಕಿರಲೇ ಇಲ್ಲ.

ಓಡಿ ಹೋಗಿ ಚಾದಂಗಡಿ ಹುಸೇನಬಾಷಾಗ ಅಂದೆ,
"ನಿನ್ನ ಫೋನಿನಾಗ ತಗಿ, ಇಡೀ ದುನಿಯಾ ನೋಡಾಕತ್ತೈತಿ."
ಗಿರಗಿರ ತಿರುಗಿತು. ಬರಲಿಲ್ಲ.
ಹಿಂದಿಂದ ಮಲಕಾರಿ ಬಂದ:
"ಕಾಕಾ, ಅದು ನಮ್ಮ ಮಷಿನ್ದಾಗ ಅಷ್ಟೇ ಐತಿ.
ದುನಿಯಾಕ್ಕ ಹಾಕೂದು ಇನ್ನೂ ಕಲತಿಲ್ಲ ನಾವು."

ಅಂದ್ರ ಬೋರ್ಡು ಬರದಾಗೈತಿ,
ಅಂಗಡ್ಯಾಗ ಒಣಗಾಕ ಇಟ್ಟೈತಿ.
ಅದೇನು ನನಗ ಹೊಸಾದಲ್ಲ.
ಹುಸೇನಬಾಷಾ ಚಾದ ರೊಕ್ಕ ಮಾತ್ರ ತಗೊಂಡ.

ರಾತ್ರಿ ಮನ್ಯಾಗ ಬೆರಳು ಮೂಸಿ ನೋಡಿದೆ. ಯಾವ ವಾಸನಿನೂ ಇಲ್ಲ.
"ಕೈ ತೊಳಕೊಂಡ್ರೇನು?" ಅಂದ್ಳು ಜೈತುನ್, ರೂಢಿ ಮ್ಯಾಲ,
ರೊಟ್ಟಿ ಬುಟ್ಟಿ ಮುಂದ ಸರಿಸಿ.
ತೊಳಿಯಾಕ ಏನಿತ್ತು.
ಆದರೂ ಎದ್ದು ಹೋಗಿ ತೊಳದೆ.